ವರದಿಯಲ್ಲಿರುವ ಆ ಒಂದು ಅಕ್ಷರ



ನಲವತ್ತು ದಾಟಿದ ಹೆಂಗಸರು ಮ್ಯಾಮೋಗ್ರಾಮ್ ಮಾಡಿಸಿಕೊಳ್ಳಬೇಕು ಎನ್ನುವ ಮಾತು ಮುಂಬಯಿ ಪಕ್ಕದ ನಮ್ಮ ಐರೋಲಿಗೆ ಈಗ ಹೊಸದಲ್ಲ. ಮೈಂಡ್‌ಸ್ಪೇಸ್ ಕಡೆಯ ಆಫೀಸುಗಳಲ್ಲಿ ದುಡಿಯುವ ಎಷ್ಟೋ ಜನರಿಗೆ ವರ್ಷಕ್ಕೊಂದು ಆರೋಗ್ಯ ತಪಾಸಣೆ ಕಂಪನಿಯ ಕಡೆಯಿಂದಲೇ ಆಗುತ್ತದೆ. ಅಕ್ಟೋಬರ್ ಬಂತೆಂದರೆ ಸೊಸೈಟಿಯ ನೋಟಿಸ್ ಬೋರ್ಡಿನ ಮೇಲೆ ಗುಲಾಬಿ ಬಣ್ಣದ ಚೀಟಿ ಬೀಳುತ್ತದೆ. ಧೈರ್ಯ ಮಾಡಿ ಹೋಗಿ ಬಂದವರು ಮನೆಯಲ್ಲಿ ಹೇಳುವುದು ಒಂದೇ ಮಾತು: “ರಿಪೋರ್ಟ್ ನಾರ್ಮಲ್.” ಅಲ್ಲಿಗೆ ಫೈಲು ಕಪಾಟು ಸೇರುತ್ತದೆ. ಆ ಫೈಲನ್ನು ಇನ್ನೊಂದು ಸಲ ಹೊರಗೆ ತೆಗೆದು ಓದಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇವತ್ತು ಮಾತಾಡುತ್ತಿದ್ದೇನೆ.

ನಮ್ಮ ಕಟ್ಟಡದ ಗೆಳತಿಯೊಬ್ಬರು ಅಂಥದೊಂದು ವರದಿಯನ್ನು ಈಚೆಗೆ ನನ್ನ ಕೈಗಿಟ್ಟರು. ಎರಡು ಪುಟ, ಪೂರ್ತಿ ಇಂಗ್ಲಿಷ್. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ‘ಬೈರಾಡ್ಸ್ 1’ ಎಂದಿತ್ತು. ಅಂದರೆ ಸಂಶಯ ಪಡುವಂಥದ್ದು ಏನೂ ಕಂಡಿಲ್ಲ. ಅವರಿಗೆ ಕೌಂಟರಿನಲ್ಲಿ ಹಿಂದಿಯಲ್ಲಿ ಹೇಳಿದ್ದೂ ಅಷ್ಟೇ. ಆದರೆ ಅದಕ್ಕೂ ಮೊದಲು, ಮೊದಲ ಪುಟದ ಮೇಲ್ಭಾಗದಲ್ಲಿ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ಹೆಟೆರೋಜೀನಿಯಸ್ಲಿ ಡೆನ್ಸ್, ಎಸಿಆರ್ ಸಿ’. ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಗೆಳತಿ ಬಿ.ಕಾಂ. ಓದಿದವರು, ಇಂಗ್ಲಿಷ್ ಬರುತ್ತದೆ. ಆದರೂ ಆ ಸಾಲು ವೈದ್ಯರು ವೈದ್ಯರಿಗೆ ಬರೆದುಕೊಂಡದ್ದು ಎಂದು ಬಿಟ್ಟಿದ್ದರು.

ಸ್ತನದೊಳಗೆ ಕೊಬ್ಬು ಇರುತ್ತದೆ, ಹಾಲಿನ ಗ್ರಂಥಿಗಳು ಮತ್ತು ನಾಳಗಳು ಇರುತ್ತವೆ, ಇವನ್ನೆಲ್ಲ ಹಿಡಿದಿಡುವ ನಾರಿನಂಥ ಅಂಗಾಂಶವೂ ಇರುತ್ತದೆ. ಮ್ಯಾಮೋಗ್ರಾಮ್ ಎಂದರೆ ಸ್ತನದ ಎಕ್ಸ್‌ರೇ; ಆ ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಗ್ರಂಥಿ ಮತ್ತು ನಾರು ಬೆಳ್ಳಗೆ ಕಾಣುತ್ತವೆ. ಕೊಬ್ಬಿಗಿಂತ ಗ್ರಂಥಿ–ನಾರು ಹೆಚ್ಚಿದ್ದರೆ ಅದನ್ನು ಡೆನ್ಸ್, ಅಂದರೆ ಸಾಂದ್ರ ಸ್ತನ ಎನ್ನುತ್ತಾರೆ. ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ: ಎ ಎಂದರೆ ಬಹುಪಾಲು ಕೊಬ್ಬು, ಡಿ ಎಂದರೆ ಬಹುಪಾಲು ಬಿಳಿ. ಸಿ ಮತ್ತು ಡಿ ಎರಡನ್ನೂ ಸಾಂದ್ರ ಎಂದೇ ಲೆಕ್ಕ ಹಿಡಿಯುತ್ತಾರೆ. ಇದು ರೋಗವಲ್ಲ. ಅಮೆರಿಕದ ಲೆಕ್ಕದಲ್ಲಿ ತಪಾಸಣೆಗೆ ಬರುವ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಎರಡು ದರ್ಜೆಗಳಲ್ಲೇ ಬರುತ್ತಾರೆ. ಮುಟ್ಟಿ ನೋಡಿ ಹೇಳುವುದಕ್ಕೂ ಆಗದು; ಗಟ್ಟಿಯಾಗಿ ತಾಕಿದ್ದೆಲ್ಲ ಸಾಂದ್ರವಲ್ಲ, ಮೆತ್ತಗಿದ್ದದ್ದೆಲ್ಲ ಕೊಬ್ಬೂ ಅಲ್ಲ. ಚಿತ್ರ ತೆಗೆದ ಮೇಲಷ್ಟೇ ಗೊತ್ತಾಗುವ ಸಂಗತಿ ಇದು.

ತೊಂದರೆ ಇರುವುದು ಇಲ್ಲಿ: ಕ್ಯಾನ್ಸರಿನ ಗಡ್ಡೆಯೂ ಎಕ್ಸ್‌ರೇಯಲ್ಲಿ ಬೆಳ್ಳಗೇ ಕಾಣುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಐರೋಲಿ ಸೇತುವೆಯ ಮೇಲೆ ನಿಂತು ನೋಡಿ, ಆಚೆ ಮುಲುಂಡಿನ ಕಟ್ಟಡಗಳು ಒಂದೂ ಕಾಣುವುದಿಲ್ಲ. ಆದರೆ ಕಟ್ಟಡಗಳು ಅಲ್ಲೇ ಇರುತ್ತವೆ. ಸಾಂದ್ರ ಸ್ತನದೊಳಗಿನ ಗಡ್ಡೆಯದೂ ಇದೇ ಕಥೆ. ಎ ದರ್ಜೆಯ ಸ್ತನದಲ್ಲಿ ಸಣ್ಣ ಗಡ್ಡೆಯೂ ಕಪ್ಪಿನ ಮೇಲೆ ಎದ್ದು ತೋರುತ್ತದೆ. ಡಿ ದರ್ಜೆಯಲ್ಲಿ ದೊಡ್ಡದೇ ಇದ್ದರೂ ಬಿಳಿಯೊಳಗೆ ಸೇರಿಹೋಗಬಹುದು. ಇದರ ಮೇಲೆ ಇನ್ನೊಂದು ಸಂಗತಿ. ಸಾಂದ್ರತೆ ಹೆಚ್ಚಿದ್ದರೆ ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಹೆಚ್ಚುತ್ತದೆ. ಡೆಟ್ರಾಯ್ಟ್‌ನ ರೇಡಿಯಾಲಜಿಸ್ಟ್ ಜಾನ್ ವುಲ್ಫ್ ಇದನ್ನು 1976ರಲ್ಲೇ ಬರೆದರು. ಅಂದರೆ ಯಾರಿಗೆ ಹೆಚ್ಚು ಎಚ್ಚರ ಬೇಕೋ ಅವರಿಗೇ ಈ ಪರೀಕ್ಷೆಯ ಕಣ್ಣು ಮಂಜು.

ಹಾಗಂತ ಮ್ಯಾಮೋಗ್ರಾಮ್ ಬೇಡವೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಕ್ಯಾನ್ಸರಿನ ಕೆಲವು ಮೊದಲ ಗುರುತುಗಳು ಸುಣ್ಣದ ಸಣ್ಣ ಕಣಗಳಾಗಿ ಬರುತ್ತವೆ. ಅವನ್ನು ಹಿಡಿಯುವುದರಲ್ಲಿ ಮ್ಯಾಮೋಗ್ರಾಮನ್ನು ಸೋನೋಗ್ರಫಿ ಸರಿಗಟ್ಟಲಾರದು. ಡೆನ್ಸ್ ಇದ್ದವರಿಗೂ ಮ್ಯಾಮೋಗ್ರಾಮ್ ಬೇಕು. ಅದರ ಜೊತೆಗೆ ಇನ್ನೇನಾದರೂ ಬೇಕೇ ಎನ್ನುವುದು ಪ್ರಶ್ನೆ.

ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟವರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯಾನ್ಸಿ ಕಪೆಲ್ಲೊ. ವರ್ಷವೂ ತಪ್ಪದೆ ಮ್ಯಾಮೋಗ್ರಾಮ್ ಮಾಡಿಸಿಕೊಂಡವರು. 2004ರಲ್ಲಿ ನಾರ್ಮಲ್ ವರದಿ ಬಂದು ಕೆಲವೇ ವಾರಗಳಾಗಿದ್ದಾಗ, ಅವರ ವೈದ್ಯರ ಕೈಗೆ ಏನೋ ತಾಕಿತು. ಸೋನೋಗ್ರಫಿ ಮಾಡಿದರೆ ಗಡ್ಡೆ; ಅಷ್ಟರಲ್ಲಿ ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು. ತಮ್ಮ ಸ್ತನ ಸಾಂದ್ರವಾದದ್ದೆಂದು ವೈದ್ಯರಿಗೆ ಗೊತ್ತಿದ್ದೂ ತಮಗೆ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು, ಕೇಳುತ್ತಲೇ ಇದ್ದರು. 2009ರಲ್ಲಿ ಅವರ ರಾಜ್ಯ, ಈ ಮಾಹಿತಿಯನ್ನು ಹೆಂಗಸಿಗೆ ತಿಳಿಸಲೇಬೇಕೆಂದು ಕಾನೂನು ಮಾಡಿತು. ಒಂದೊಂದಾಗಿ ಬೇರೆ ರಾಜ್ಯಗಳೂ ಬಂದವು. ಕಪೆಲ್ಲೊ 2018ರಲ್ಲಿ ತೀರಿಕೊಂಡರು. 2024ರ ಸೆಪ್ಟೆಂಬರ್ 10ರಿಂದ ಅಮೆರಿಕದಾದ್ಯಂತ ಮ್ಯಾಮೋಗ್ರಾಮ್ ಮಾಡಿಸಿಕೊಂಡ ಪ್ರತಿ ಹೆಂಗಸಿಗೂ ಆಕೆಯ ಸ್ತನ ಸಾಂದ್ರವೋ ಅಲ್ಲವೋ ಎಂದು ಸರಳ ಮಾತಿನಲ್ಲಿ ಬರೆದು ಕೊಡುವುದು ಕಡ್ಡಾಯವಾಯಿತು.

ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. ಐರೋಲಿಯಲ್ಲಂತೂ ಒಂದು ವರದಿ ಮೂರು ಭಾಷೆ ದಾಟಬೇಕು. ಬರೆಯುವುದು ಇಂಗ್ಲಿಷಿನಲ್ಲಿ, ಹೇಳುವುದು ಮರಾಠಿ ಇಲ್ಲವೇ ಹಿಂದಿಯಲ್ಲಿ, ಕೇಳಿಸಿಕೊಳ್ಳುವವರು ಉಡುಪಿಯವರೋ ಕಲಬುರಗಿಯವರೋ ವಿಜಯಪುರದವರೋ. ಹೋಟೆಲಿನವರ ಮನೆಯ ಅತ್ತಿಗೆಯಿಂದ ಹಿಡಿದು ಕಟ್ಟಡದ ಕೆಲಸಕ್ಕೆ ಬಂದ ಅಕ್ಕನವರೆಗೆ, ಈ ದಾರಿಯಲ್ಲಿ ಉಳಿದು ಬರುವುದು ‘ನಾರ್ಮಲ್’ ಎನ್ನುವುದೊಂದೇ. ಆ ಇನ್ನೊಂದು ಅಕ್ಷರ ದಾರಿಯಲ್ಲೇ ಬಿದ್ದುಹೋಗುತ್ತದೆ. ಇದನ್ನು ಸರಿಮಾಡುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ವರದಿ ಕೊಡುವ ಜಾಗದಲ್ಲಿ ಎರಡು ನಿಮಿಷ ಸಾಕು. ಅದಕ್ಕೇ ನನಗೆ ಹೆಚ್ಚು ಸಂಕಟವಾಗುವುದು.

ನಮ್ಮವರಿಗೆ ಇದು ಯಾಕೆ ಹೆಚ್ಚು ಮುಖ್ಯ ಎಂದರೆ ವಯಸ್ಸಿನ ಕಾರಣಕ್ಕೆ. ಸಾಂದ್ರತೆ ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಕಡಿಮೆಯಾಗುತ್ತ ಹೋಗುತ್ತದೆ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಸ್ತನ ಕ್ಯಾನ್ಸರ್ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಮುಟ್ಟು ನಿಲ್ಲುವ ಮೊದಲೇ, ಅಂದರೆ ಸಾಂದ್ರತೆ ಇನ್ನೂ ಹೆಚ್ಚಿರುವಾಗಲೇ, ರೋಗಕ್ಕೆ ಸಿಕ್ಕವರ ಪಾಲು ಇಲ್ಲಿ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಸುಮಾರು 1,92,000 ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂತು, ಸುಮಾರು 98,000 ಮಂದಿ ಅದರಿಂದ ತೀರಿಕೊಂಡರು. ಇಷ್ಟಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಹೆಂಗಸರ ಪೈಕಿ ಜೀವಮಾನದಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ, ಶೇ. 0.9 ಮಾತ್ರ.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ನಮ್ಮ ಹತ್ತಿರದಲ್ಲೇ ನಡೆದ ಒಂದು ಕೆಲಸದ ಬೆಲೆ ತಿಳಿಯುತ್ತದೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಮುಂಬಯಿಯ ಬಸ್ತಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಒಂದು ಪ್ರಯೋಗ ಶುರುಮಾಡಿದರು. ಇಪ್ಪತ್ತು ಬಸ್ತಿ ಗುಂಪುಗಳು, 35ರಿಂದ 64 ವರ್ಷದ 1,51,538 ಹೆಂಗಸರು. ಇಡೀ ದೇಶಕ್ಕೆ ಮ್ಯಾಮೋಗ್ರಾಮ್ ಒದಗಿಸುವಷ್ಟು ದುಡ್ಡೂ ಇಲ್ಲ, ಯಂತ್ರವೂ ಇಲ್ಲ, ಓದುವ ತಜ್ಞರೂ ಇಲ್ಲ. ಹಾಗಾದರೆ ತರಬೇತಿ ಪಡೆದ ಕೈಯಿಂದ ಎಷ್ಟು ಸಾಧ್ಯ? ಇದು ಡಾ. ಇಂದ್ರನೀಲ್ ಮಿತ್ರ ಮತ್ತು ಅವರ ಜೊತೆಗಾರರ ಪ್ರಶ್ನೆ. ವೈದ್ಯರಲ್ಲದ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿದರು. ಅವರು ಬೆರಳ ತುದಿಯಿಂದ ಸ್ತನವನ್ನೂ ಕಂಕುಳನ್ನೂ ಸಾವಕಾಶವಾಗಿ ತಡವಿ ನೋಡುವುದನ್ನು ಕಲಿತರು. ಅರ್ಧದಷ್ಟು ಬಸ್ತಿಗಳಲ್ಲಿ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಈ ಪರೀಕ್ಷೆ ನಡೆಯಿತು, ಉಳಿದ ಬಸ್ತಿಗಳಲ್ಲಿ ತಿಳಿವಳಿಕೆ ಕೊಡುವ ಕೆಲಸ ಮಾತ್ರ. ಆಮೇಲೆ ವರ್ಷಗಟ್ಟಲೆ ಮನೆಮನೆಗೆ ಹೋಗಿ ವಿಚಾರಿಸುತ್ತ ಬಂದರು. ಮನೆ ಕೆಡವಿ ಕಟ್ಟುವ, ಬಾಡಿಗೆ ಬದಲಾಗುವ, ಊರಿಗೆ ಹೋದವರು ವಾಪಸು ಬಾರದ ಮುಂಬಯಿಯಲ್ಲಿ ಇಪ್ಪತ್ತು ವರ್ಷ ಹೀಗೆ ಜನರ ಜೊತೆ ಇರುವುದು ಸಾಮಾನ್ಯ ಮಾತಲ್ಲ.

2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಕೈಯಿಂದ ಪರೀಕ್ಷಿಸಿದ ಬಸ್ತಿಗಳಲ್ಲಿ, ಕ್ಯಾನ್ಸರ್ ಬಂದವರ ಪೈಕಿ ರೋಗ ಬಲಿತ ಮೂರು–ನಾಲ್ಕನೇ ಹಂತದಲ್ಲಿ ಪತ್ತೆಯಾದವರು ಶೇ. 37, ತಿಳಿವಳಿಕೆ ಮಾತ್ರ ಕೊಟ್ಟ ಕಡೆ ಶೇ. 47. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30 ಇಳಿಯಿತು. ಕೈ, ಬರೀ ಕೈ, ಅಷ್ಟು ಕೆಲಸ ಮಾಡಿತು. ಆದರೆ ಐವತ್ತರ ಒಳಗಿನವರಲ್ಲಿ ಸಾವಿನ ಸಂಖ್ಯೆ ಹಾಗೆ ಇಳಿಯಲಿಲ್ಲ. ಈ ಸಾಲನ್ನು ಓದಿದಾಗ ನನಗೆ ಗೆಳತಿಯ ವರದಿಯ ಆ ಸಿ ಅಕ್ಷರ ಕಣ್ಣಿಗೆ ಕಟ್ಟಿತು. ಮ್ಯಾಮೋಗ್ರಾಮಿನ ಕಣ್ಣು ಮಂಜಾಗುವುದೂ ಇದೇ ವಯಸ್ಸಿನಲ್ಲಿ, ಕೈಯ ಫಲ ಕಾಣದೆ ಉಳಿದದ್ದೂ ಇದೇ ವಯಸ್ಸಿನಲ್ಲಿ. ನಲವತ್ತರಿಂದ ಐವತ್ತರ ನಡುವಿನ ನಮ್ಮ ಹೆಂಗಸರು ಎರಡು ಪರೀಕ್ಷೆಗಳ ನಡುವಿನ ಸಂದಿಯಲ್ಲಿ ನಿಂತಿದ್ದಾರೆ.

ಆ ಸಂದಿಯನ್ನು ತುಂಬುವುದು ಹೇಗೆ ಎಂದು ಮೊದಲು ದೊಡ್ಡದಾಗಿ ಪರೀಕ್ಷಿಸಿದ್ದು ಜಪಾನ್. ಅಲ್ಲಿನ ಹೆಂಗಸರಲ್ಲೂ ಸಾಂದ್ರತೆ ಹೆಚ್ಚು, ರೋಗ ಬೇಗ. ಅವರು 40ರಿಂದ 49 ವರ್ಷದವರನ್ನೇ, ಸುಮಾರು 73,000 ಮಂದಿಯನ್ನು ತೆಗೆದುಕೊಂಡರು. ಅರ್ಧ ಮಂದಿಗೆ ಮ್ಯಾಮೋಗ್ರಾಮ್, ಇನ್ನರ್ಧಕ್ಕೆ ಮ್ಯಾಮೋಗ್ರಾಮಿನ ಜೊತೆ ಸೋನೋಗ್ರಫಿ. 2015ರಲ್ಲಿ ಹೊರಬಂದ ಫಲಿತಾಂಶದಲ್ಲಿ, ಇರುವ ಕ್ಯಾನ್ಸರಿನಲ್ಲಿ ಮ್ಯಾಮೋಗ್ರಾಮ್ ಒಂದೇ ಹಿಡಿದದ್ದು ಶೇ. 77, ಎರಡೂ ಸೇರಿ ಹಿಡಿದದ್ದು ಶೇ. 91. ನಾರ್ಮಲ್ ಎಂದು ಕಳಿಸಿದ ಮೇಲೆ, ಮುಂದಿನ ತಪಾಸಣೆಗೆ ಮೊದಲೇ ಕಾಣಿಸಿಕೊಂಡ ಕ್ಯಾನ್ಸರ್ 35ರಿಂದ 18ಕ್ಕೆ ಇಳಿಯಿತು. ಹಾಗೆ ನಡುವೆ ಎದ್ದು ಬರುವ ಕ್ಯಾನ್ಸರೇ ಹೆಚ್ಚಾಗಿ ಬಿರುಸಿನದು.

ನೆದರ್‌ಲ್ಯಾಂಡ್ಸ್‌ನವರು ಡಿ ದರ್ಜೆಯವರನ್ನು ಮಾತ್ರ ಆರಿಸಿ, ಮ್ಯಾಮೋಗ್ರಾಮ್ ನಾರ್ಮಲ್ ಬಂದವರಲ್ಲಿ ಒಂದು ಗುಂಪನ್ನು ಎಂಆರ್‌ಐಗೆ ಕರೆದರು. 2019ರಲ್ಲಿ ಅವರು ಹೇಳಿದ್ದು: ನಡುವೆ ಎದ್ದು ಬರುವ ಕ್ಯಾನ್ಸರ್ ಸಾವಿರಕ್ಕೆ 5ರಿಂದ 2.5ಕ್ಕೆ ಇಳಿಯಿತು, ಕರೆದವರಲ್ಲಿ ನೂರಕ್ಕೆ ನಲವತ್ತು ಮಂದಿ ಬರದೇ ಹೋದರೂ ಇಷ್ಟು. 2025ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಮೂರು ಪರೀಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿತು. ನಾರ್ಮಲ್ ಎಂದು ಬಂದ ಸಾಂದ್ರ ಸ್ತನದವರಲ್ಲಿ ಸಾವಿರಕ್ಕೆ ಚುಟುಕು ಎಂಆರ್‌ಐ 17 ಕ್ಯಾನ್ಸರ್ ಹಿಡಿಯಿತು, ಬಣ್ಣದ ಔಷಧಿಯ ಚುಚ್ಚುಮದ್ದು ಕೊಟ್ಟು ತೆಗೆಯುವ ಮ್ಯಾಮೋಗ್ರಾಮ್ 19, ಯಂತ್ರವೇ ಮಾಡುವ ಸೋನೋಗ್ರಫಿ 4.

ಇಷ್ಟು ಕೇಳಿದ ಮೇಲೆ ಎಲ್ಲರೂ ಎಂಆರ್‌ಐಗೆ ಓಡಬೇಕು ಎನಿಸಬಹುದು. ನಾನು ಹಾಗೆ ಹೇಳುವುದಿಲ್ಲ. ಹೆಚ್ಚು ಹುಡುಕಿದಷ್ಟೂ ಸುಳ್ಳು ಗಾಬರಿಗಳೂ ಹೆಚ್ಚುತ್ತವೆ. ಜಪಾನಿನಲ್ಲೂ ಸೋನೋಗ್ರಫಿ ಸೇರಿಸಿದಾಗ, ಕೊನೆಗೆ ಏನೂ ಇಲ್ಲವೆಂದು ತಿಳಿದ ಹೆಂಗಸರಲ್ಲಿ ಹೆಚ್ಚು ಮಂದಿ ಮರುಪರೀಕ್ಷೆಗೆ, ಸೂಜಿ ಚುಚ್ಚಿ ತುಣುಕು ತೆಗೆಯುವ ಬಯಾಪ್ಸಿಗೆ ಹೋಗಬೇಕಾಯಿತು. ಬಯಾಪ್ಸಿ ಫಲಿತಾಂಶಕ್ಕೆ ಕಾಯುವ ಆ ದಿನಗಳು ಮನೆಯವರನ್ನೆಲ್ಲ ಹಿಂಡುತ್ತವೆ. ಹೆಚ್ಚುವರಿ ಪರೀಕ್ಷೆಯಿಂದ ಸಾವೇ ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟ ಅಧ್ಯಯನ ಇನ್ನೂ ಬಂದಿಲ್ಲ. ಅಮೆರಿಕದ ಸರ್ಕಾರಿ ತಜ್ಞರ ಸಮಿತಿ 2024ರಲ್ಲಿ ಇದೇ ಕಾರಣಕ್ಕೆ, ಎಲ್ಲರಿಗೂ ಮಾಡಿ ಎನ್ನಲು ಸಾಕ್ಷ್ಯ ಸಾಲದು ಎಂದಿತು. ಆದರೂ ನನ್ನ ಮನಸ್ಸು ಒಂದು ಕಡೆ ವಾಲುತ್ತದೆ. ನಲವತ್ತರ ಆಸುಪಾಸಿನವರು, ವರದಿಯಲ್ಲಿ ಸಿ ಅಥವಾ ಡಿ ಇದೆ ಎಂದಾದರೆ, ಸೋನೋಗ್ರಫಿ ಬೇಕೇ ಎಂದು ವೈದ್ಯರನ್ನು ಕೇಳದೆ ಮನೆಗೆ ಬರಬಾರದು. ಮುಂಬಯಿಯ ಬಹಳಷ್ಟು ಸೆಂಟರುಗಳಲ್ಲಿ ಎರಡನ್ನೂ ಒಟ್ಟಿಗೆ ಸೋನೋಮ್ಯಾಮೋಗ್ರಫಿ ಎಂದು ಮಾಡುವ ರೂಢಿ ಇದ್ದೇ ಇದೆ. ಅದು ಒಳ್ಳೆಯ ರೂಢಿ. ಡಿ ದರ್ಜೆಯ ಜೊತೆಗೆ ತಾಯಿಗೋ ಅಕ್ಕತಂಗಿಗೋ ಈ ರೋಗ ಬಂದಿದ್ದರೆ, ಎಂಆರ್‌ಐ ಮಾತನ್ನೂ ಎತ್ತಬೇಕು.

ಇನ್ನೊಂದು ಸಂಗತಿ. ಸೊಸೈಟಿಯ ಹಾಲ್‌ನಲ್ಲೋ ಸಂಘದ ಭವನದಲ್ಲೋ ರಕ್ತದೊತ್ತಡ, ಸಕ್ಕರೆ ನೋಡುವ ಹಾಗೆ ಸೋನೋಗ್ರಫಿ ಯಂತ್ರ ತಂದಿಟ್ಟು ಶಿಬಿರ ಮಾಡಬಾರದೇ ಎಂದು ಕೇಳುವವರಿದ್ದಾರೆ. ಗರ್ಭದ ಮಗು ಹೆಣ್ಣೋ ಗಂಡೋ ಎಂದು ತೋರಿಸುವುದೂ ಅದೇ ಯಂತ್ರ; ಹೆಣ್ಣು ಭ್ರೂಣದ ಹತ್ಯೆ ತಡೆಯಲು ಬಂದ 1994ರ ಕಾಯ್ದೆಯಿಂದಾಗಿ ಅಂಥ ಶಿಬಿರ ಸುಲಭವಲ್ಲ. ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅದನ್ನು ಎತ್ತಿಕೊಂಡು ಬೇಕಾದಲ್ಲಿ ಓಡಾಡುವ ಹಾಗಿಲ್ಲ. ಮಹಾರಾಷ್ಟ್ರ ಅದಕ್ಕೂ ಮೊದಲು, 1988ರಲ್ಲೇ ಇಂಥ ಕಾನೂನು ತಂದಿತ್ತು. ಹುಟ್ಟಬೇಕಾದ ಹೆಣ್ಣುಮಕ್ಕಳಿಗಾಗಿ ಇರುವ ಆ ಬಿಗಿ ಸಡಿಲವಾಗಬಾರದು. ಹಾಗಾಗಿ ಶಿಬಿರ ಮಾಡುವ ಸಂಘಗಳು ಯಂತ್ರ ತರುವುದರ ಬದಲು ಹೆಂಗಸರನ್ನು ಯಂತ್ರದ ಬಳಿಗೆ ಕರೆದುಕೊಂಡು ಹೋಗುವ ಏರ್ಪಾಡು ಮಾಡಲಿ: ಒಂದು ಬಸ್ಸು, ಜೊತೆಗೆ ಕನ್ನಡ ಬಲ್ಲ ಒಬ್ಬ ನರ್ಸು. ಮೈಯ ಶಾಖದ ಚಿತ್ರ ತೆಗೆಯುವ ಯಂತ್ರಗಳೂ ಶಿಬಿರಗಳಿಗೆ ಬರುತ್ತಿವೆ. ನೋವಿಲ್ಲ, ಮುಟ್ಟುವುದಿಲ್ಲ ಎಂದು ಹೆಂಗಸರಿಗೆ ಇಷ್ಟವಾಗುತ್ತದೆ. ಅದು ಮ್ಯಾಮೋಗ್ರಾಮಿಗೆ ಬದಲಿ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಕರು ಸ್ಪಷ್ಟವಾಗಿ ಹೇಳಿದ್ದಾರೆ.

ನೋವಿನ ಮಾತು ಬಂತು. ಮ್ಯಾಮೋಗ್ರಾಮಿಗೆ ಹೆದರಿ ಹೋಗದವರು ಬಹಳ. ಒಂದೊಂದು ಸ್ತನವನ್ನು ಎರಡು ಹಲಗೆಗಳ ನಡುವೆ ಇಟ್ಟು ಒತ್ತುತ್ತಾರೆ, ಮೇಲಿನಿಂದ ಒಂದು ಚಿತ್ರ, ಓರೆಯಿಂದ ಒಂದು, ಒಟ್ಟು ನಾಲ್ಕು. ಒತ್ತಡ ಕೆಲವೇ ಸೆಕೆಂಡು. ಹರಡಿ ತೆಳುವಾದಷ್ಟೂ ಒಳಗಿನದು ಬಿಡಿಸಿ ಕಾಣುತ್ತದೆ, ವಿಕಿರಣವೂ ಕಡಿಮೆ ಸಾಕು. ಮುಟ್ಟು ಮುಗಿದ ವಾರದಲ್ಲಿ ಹೋದರೆ ನೋವು ಕಡಿಮೆ. ಅಂದು ಕಂಕುಳಿಗೆ ಪೌಡರ್, ಸ್ಪ್ರೇ ಹಾಕಿಕೊಳ್ಳಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಕಣಗಳಂತೆ ಬೀಳುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮಾತು. ಕೈಗೆ ಗಂಟು ತಾಕುತ್ತಿದ್ದರೆ, ಚರ್ಮ ಎಳೆದಂತಾಗಿದ್ದರೆ, ತೊಟ್ಟು ಒಳಗೆ ಸೇದಿಕೊಂಡಿದ್ದರೆ, ತೊಟ್ಟಿನಿಂದ ರಕ್ತ ಒಸರುತ್ತಿದ್ದರೆ, ಆಗ ನೀವು ತಪಾಸಣೆಯ ಲೆಕ್ಕಕ್ಕೆ ಸೇರಿದವರಲ್ಲ. ಕಳೆದ ತಿಂಗಳ ನಾರ್ಮಲ್ ವರದಿಯನ್ನು ಆಗ ಪಕ್ಕಕ್ಕಿಟ್ಟು ಕೂಡಲೇ ವೈದ್ಯರಿಗೆ ತೋರಿಸಬೇಕು. ಮೊಲೆಯೂಡಿಸುವ ತಾಯಿಗೆ ಗಂಟು ಕಂಡರೆ ಹಾಲು ಕಟ್ಟಿದೆ ಎಂದು ತಿಂಗಳುಗಟ್ಟಲೆ ಬಿಡುತ್ತಾರೆ. ಹೆಚ್ಚಿನ ಸಲ ಅದು ಹಾಲೇ ಆಗಿರುತ್ತದೆ, ಆದರೂ ಎರಡು ವಾರದಲ್ಲಿ ಕರಗದಿದ್ದರೆ ಸೋನೋಗ್ರಫಿ ಆಗಲೇಬೇಕು. ಊರಿನಲ್ಲಿ ನಾಗಮಂಡಲ ಇದೆ, ಮಗಳ ಪರೀಕ್ಷೆ ಇದೆ, ಬಂದ ಮೇಲೆ ನೋಡೋಣ ಎಂದು ಮುಂದೆ ಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಐರೋಲಿಯಲ್ಲಿರುವವರಿಗೆ ದೊಡ್ಡ ಆಸ್ಪತ್ರೆ ದೂರವೇನಲ್ಲ. ಇಲ್ಲಿಂದ ಪನ್ವೇಲ್ ಲೋಕಲ್ ಹತ್ತಿದರೆ ಖಾರ್ಘರ್‌ನಲ್ಲಿ ಇಳಿಯಬಹುದು, ಟಾಟಾ ಮೆಮೋರಿಯಲ್‌ನವರ ಆಕ್ಟ್ರೆಕ್ ಆಸ್ಪತ್ರೆ ಅಲ್ಲೇ ಇದೆ. ಠಾಣೆಗೆ ಹೋಗಿ ಗಾಡಿ ಬದಲಿಸಿದರೆ ಪರೇಲ್. ಎಲ್ಲಿಗೇ ಹೋಗಿ, ಹಳೆಯ ಮ್ಯಾಮೋಗ್ರಾಮಿನ ಫಿಲ್ಮು, ಸಿಡಿ, ವರದಿ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಸಾಂದ್ರ ಸ್ತನದಲ್ಲಿ ಒಂದೇ ಚಿತ್ರ ನೋಡಿ ಹೇಳುವುದು ಕಷ್ಟ. ಕಳೆದ ಸಲ ಇಲ್ಲದ್ದು ಈ ಸಲ ಇದೆಯೇ ಎಂದು ಎರಡನ್ನೂ ಪಕ್ಕದಲ್ಲಿಟ್ಟಾಗಲೇ ರೇಡಿಯಾಲಜಿಸ್ಟರ ಕಣ್ಣಿಗೆ ಬದಲಾವಣೆ ಬೀಳುವುದು. ಹೊಸ ವರದಿ ಕೈಗೆ ಬಂದಾಗ ಕೌಂಟರಿನಿಂದ ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿ, ಮರಾಠಿಯಲ್ಲಾದರೂ ಸರಿ, ಹಿಂದಿಯಲ್ಲಾದರೂ ಸರಿ: ನನ್ನದು ಎ, ಬಿ, ಸಿ, ಡಿಯಲ್ಲಿ ಯಾವುದು? ಉತ್ತರವನ್ನು ಫೈಲಿನ ಮೇಲೆ ತಾರೀಕಿನ ಜೊತೆ ಕನ್ನಡದಲ್ಲಿ ಬರೆದಿಡಿ.